ಕನ್ನಡಕದ ನಂಬರ್ ಅಷ್ಟೇ ಅಲ್ಲ, ಕಣ್ಣನ್ನೂ ನೋಡಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಯಾವ ತೊಂದರೆಯೂ ಕಾಣದವರಿಗೂ ಕಾಲಕಾಲಕ್ಕೆ ಪೂರ್ತಿ ಕಣ್ಣಿನ ತಪಾಸಣೆ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರಿನ ಶ್ರೀನಗರದ ಕಡೆ ಒಂದು ಕನ್ನಡಕದ ಅಂಗಡಿಯಲ್ಲಿ ಆಪ್ಟೊಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಕಣ್ಣಿನ ನಂಬರ್ ನೋಡುವುದು, ಸರಿಯಾದ ಗ್ಲಾಸ್ ಬರೆದುಕೊಡುವುದು ನನ್ನ ಕೆಲಸ. ನಾನು ಕಣ್ಣಿನ ಡಾಕ್ಟರ್ ಅಲ್ಲ. ಆದರೆ ಈ ಊರಿನ ಜನ ಕಣ್ಣಿನ ತೊಂದರೆಯನ್ನು ಮೊದಲು ಹೇಳಿಕೊಳ್ಳುವುದು ನನ್ನಂಥವರ ಹತ್ತಿರ. ಆಸ್ಪತ್ರೆಗೆ ಹೋಗುವ ಮೊದಲು ಅಂಗಡಿಗೆ ಬರುತ್ತಾರೆ. ಎಷ್ಟೋ ಜನ ಅಂಗಡಿಗೆ ಮಾತ್ರ ಬರುತ್ತಾರೆ, ಆಸ್ಪತ್ರೆಗೆ ಹೋಗುವುದೇ ಇಲ್ಲ. ಅವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಂಥ ಅಂಗಡಿಗಳ ಮುಂದೆ ಒಂದು ಬೋರ್ಡ್ ಇರುತ್ತದೆ. ‘ಕಂಪ್ಯೂಟರ್ ಮೂಲಕ ಉಚಿತ ಕಣ್ಣಿನ ಪರೀಕ್ಷೆ’. ಗಾಂಧಿ ಬಜಾರಿನಿಂದ ಯಲಹಂಕದ ತನಕ ಯಾವ ರಸ್ತೆಗೆ ಹೋದರೂ ಈ ಬೋರ್ಡ್ ಕಾಣುತ್ತದೆ. ಗದ್ದ ಇಲ್ಲಿಡಿ, ಒಳಗಿನ ಚಿತ್ರ ನೋಡಿ ಅನ್ನುತ್ತೇವೆ. ಒಂದೆರಡು ನಿಮಿಷದಲ್ಲಿ ಚೀಟಿ ಹೊರಗೆ ಬರುತ್ತದೆ. ಆ ಮೆಷಿನ್ ಹೇಳುವುದು ಒಂದೇ ವಿಷಯ, ಕಣ್ಣಿಗೆ ಸುಮಾರು ಎಷ್ಟು ಪವರ್ ಬೇಕು ಅಂತ. ಕಣ್ಣಿನ ಪ್ರೆಶರ್, ಅಂದರೆ ಕಣ್ಣಿನ ಒಳಗಿನ ಒತ್ತಡ, ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತ ಸೋರುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಹಾಳಾಗುತ್ತಿದ್ದರೂ ಚೀಟಿಯಲ್ಲಿ ಬರುವುದಿಲ್ಲ. ಆದರೆ ಆ ಚೀಟಿ ಹಿಡಿದು ಹೊರಗೆ ಹೋಗುವವರ ಮನಸ್ಸಿನಲ್ಲಿ ಏನಿರುತ್ತದೆ? ‘ಕಣ್ಣು ಚೆಕ್ ಮಾಡಿಸಿ ಆಯ್ತು, ಎಲ್ಲಾ ಸರಿ ಇದೆ.’ ನಾನು ಕಂಡ ಹಾಗೆ ಈ ಊರಿನಲ್ಲಿ ಕಣ್ಣು ಕಳೆದುಕೊಳ್ಳುವುದಕ್ಕೆ ಈ ನಂಬಿಕೆಯೇ ದೊಡ್ಡ ಕಾರಣ.

ಒಬ್ಬರ ವಿಷಯ ಹೇಳಬೇಕು. ಆಟೋ ಡ್ರೈವರ್, ವಯಸ್ಸು ಐವತ್ತು ದಾಟಿದೆ. ಎರಡು ವರ್ಷದಲ್ಲಿ ಬೇರೆ ಬೇರೆ ಅಂಗಡಿಗಳಲ್ಲಿ ಕನ್ನಡಕ ಬದಲಾಯಿಸಿ ಬದಲಾಯಿಸಿ ನಮ್ಮಲ್ಲಿಗೆ ಬಂದಿದ್ದರು. ಎಲ್ಲಾ ಕಡೆಯೂ ನಂಬರ್ ಹೆಚ್ಚುಕಡಿಮೆ ಅದೇ. ಗೋಡೆಯ ಚಾರ್ಟಿನ ಕೊನೆಯ ಸಾಲನ್ನು ಸಲೀಸಾಗಿ ಓದಿದರು. ಹಾಗಾದರೆ ತೊಂದರೆ ಏನಣ್ಣ ಅಂತ ಕೇಳಿದೆ. ‘ಎಡಗಡೆಯಿಂದ ಬೈಕ್ ಎಲ್ಲಿಂದ ಬರುತ್ತೋ ಗೊತ್ತೇ ಆಗಲ್ಲ ಮೇಡಂ. ಪಕ್ಕಕ್ಕೆ ಬಂದ ಮೇಲೇ ಕಾಣೋದು’ ಅಂದರು. ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡುತ್ತಾ ಇರಿ ಅಂತ ಹೇಳಿ ಪಕ್ಕದಲ್ಲಿ ಬೆರಳು ಆಡಿಸಿದೆ. ಕಾಣಲಿಲ್ಲ. ಬೆರಳನ್ನು ಹತ್ತಿರ ಹತ್ತಿರ ತಂದರೂ ಕಾಣಲಿಲ್ಲ. ಇನ್ನೊಂದು ಕಣ್ಣಿನದೂ ಹೆಚ್ಚುಕಡಿಮೆ ಅದೇ ಕಥೆ. ಅವತ್ತೇ ಆಸ್ಪತ್ರೆಗೆ ಕಳಿಸಿದೆ. ಎರಡೂ ಕಣ್ಣಿಗೆ ಗ್ಲಾಕೋಮಾ, ತುಂಬಾ ಮುಂದುವರಿದಿದೆ ಅಂದರಂತೆ. ಬಹಳ ಸಲ ಕಣ್ಣಿನ ಪ್ರೆಶರ್ ಜಾಸ್ತಿಯಾಗಿ, ಮೆದುಳಿಗೆ ಹೋಗುವ ಆ ನರ ಹಾಳಾಗುವ ರೋಗ ಇದು. ಹೋದ ದೃಷ್ಟಿ ಹೋಯಿತು. ಉಳಿದಿದ್ದನ್ನು ಉಳಿಸಿಕೊಳ್ಳಲು ಜೀವನಪೂರ್ತಿ ಡ್ರಾಪ್ಸ್ ಹಾಕಬೇಕು. ಈಗ ಅವರು ಆಟೋ ಓಡಿಸುತ್ತಿಲ್ಲ. ಅವರ ಹೆಂಡತಿ ಆಮೇಲೆ ಹೇಳಿದರು, ‘ಇವರ ಅಣ್ಣನಿಗೂ ಹೀಗೇ ಕಣ್ಣು ಹೋಗಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ನಿದ್ವಿ.’

ಅಣ್ಣನಿಗೆ ಆಗಿದ್ದಾಗಲೇ ತಮ್ಮನನ್ನು ಕರೆದು ನೋಡಬೇಕಿತ್ತು. ಗ್ಲಾಕೋಮಾ ಇರುವವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೆ ಅದು ಬರುವ ಅಪಾಯ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಇದು ಹೊಸ ಸಂಶೋಧನೆ ಏನಲ್ಲ, ಕಣ್ಣಿನ ಡಾಕ್ಟರುಗಳಿಗೆಲ್ಲ ಗೊತ್ತಿರುವ ಮಾತು. ಆದರೆ ಆ ಮಾತು ಈ ಮನೆಯ ತನಕ ಬಂದಿರಲಿಲ್ಲ.

ಈ ರೋಗದ ಸಾಮಾನ್ಯ ಬಗೆಯಲ್ಲಿ ನೋವಿರುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ನಟ್ಟನಡುವಿನ ದೃಷ್ಟಿ ಕೊನೆಯ ತನಕ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಪೇಪರ್ ಓದಬಹುದು, ಮೊಬೈಲ್ ನೋಡಬಹುದು. ಅಂಚಿನಿಂದ ದೃಷ್ಟಿ ಹೋಗುತ್ತಾ ಬರುತ್ತದೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಮನುಷ್ಯನಿಗೆ ಗೊತ್ತಾಗುವ ಹೊತ್ತಿಗೆ ನರದ ಬಹುಪಾಲು ಸತ್ತಿರುತ್ತದೆ. ಚೆನ್ನೈ ನಗರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಗ್ಲಾಕೋಮಾ ಇದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನರಿಗೆ ತಮಗೆ ಆ ರೋಗ ಇರುವುದೇ ಗೊತ್ತಿರಲಿಲ್ಲ. ನಮ್ಮ ಪಕ್ಕದ ಊರಿನ ಮಾತು ಇದು. ಬೆಂಗಳೂರು ಇದಕ್ಕಿಂತ ಬಹಳ ಬೇರೆ ಅಂತ ನಂಬಲು ನನಗೆ ಕಾರಣ ಕಾಣುವುದಿಲ್ಲ.

ಹೀಗಿರುವಾಗ, ‘ತೊಂದರೆ ಇದ್ದವರು ಬರಲಿ, ನೋಡುತ್ತೇವೆ’ ಅನ್ನುವ ವ್ಯವಸ್ಥೆ ಈ ರೋಗಕ್ಕೆ ಯಾವತ್ತೂ ತಡವಾಗಿಯೇ ಸಿಗುತ್ತದೆ. ನನ್ನ ದೂರಿನ ತಿರುಳು ಇಷ್ಟೇ. ನಮ್ಮ ಸರ್ಕಾರಿ ಕಣ್ಣಿನ ಸೇವೆ ಬಹುಪಾಲು ಪೊರೆ ಮತ್ತು ಕನ್ನಡಕದ ಸುತ್ತ ಕಟ್ಟಿದ್ದು. ಪೊರೆ ಬಂದವರಿಗೆ ಮಂಜಾಗುತ್ತದೆ, ಅವರೇ ಬರುತ್ತಾರೆ. ಸದ್ದಿಲ್ಲದೆ ಬರುವ ರೋಗದವರು ಬರುವುದಿಲ್ಲ.

ಪೊರೆಯ ವಿಷಯದಲ್ಲಿ ನಮ್ಮ ನಾಡು ಮಾಡಿದ ಕೆಲಸ ಸಣ್ಣದಲ್ಲ. ಪದ್ಮಭೂಷಣ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿ ಲಕ್ಷಾಂತರ ಜನರಿಗೆ ಪೊರೆ ತೆಗೆದರು. ಅವರ ಹೆಸರು ಹೇಳಿದರೆ ಕೈ ಮುಗಿಯುವ ಹಿರಿಯರು ಇವತ್ತೂ ನಮ್ಮ ಅಂಗಡಿಗೆ ಬರುತ್ತಾರೆ. 1896ರಲ್ಲಿ ಶುರುವಾದ ಮಿಂಟೋ ಆಸ್ಪತ್ರೆಗೆ ಇವತ್ತಿಗೂ ಬೆಳಗಾದರೆ ರಾಜ್ಯದ ಎಲ್ಲ ಮೂಲೆಯಿಂದ ಜನ ಬಂದು ನಿಲ್ಲುತ್ತಾರೆ. 1976ರಲ್ಲೇ ದೇಶದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇದೆಲ್ಲದರಿಂದ ಉಪಕಾರ ಆಗಿದೆ. ಆದರೆ ಜನರ ಮನಸ್ಸಿನಲ್ಲಿ ಕಣ್ಣಿನ ರೋಗ ಅಂದರೆ ಪೊರೆ, ಪೊರೆ ಅಂದರೆ ಆಪರೇಷನ್, ಆಪರೇಷನ್ ಆದರೆ ಎಲ್ಲಾ ಸರಿ ಅನ್ನುವುದು ಗಟ್ಟಿಯಾಗಿ ಕೂತಿದೆ. ಮಂಜಾದರೆ ಆಮೇಲೆ ನೋಡಿಕೊಳ್ಳೋಣ ಅಂತ ಕಾಯುತ್ತಾರೆ. ಗ್ಲಾಕೋಮಾಕ್ಕೂ ಶುಗರ್‌ನಿಂದ ಬರುವ ರೆಟಿನಾ ತೊಂದರೆಗೂ ಈ ಕಾಯುವಿಕೆ ಆಗಿಬರುವುದಿಲ್ಲ.

ಶುಗರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. ದೊಡ್ಡವರಿಗೆ ಬರುವ ಬಗೆಯಲ್ಲಿ, ಶುಗರ್ ಇದೆ ಅಂತ ಗೊತ್ತಾದ ದಿನವೇ ಕಣ್ಣಿನ ಹಿಂಭಾಗ ನೋಡಿಸಬೇಕು. ಯಾಕೆಂದರೆ ಅದು ಎಷ್ಟು ವರ್ಷದಿಂದ ಒಳಗೇ ಇತ್ತೋ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ವರ್ಷಕ್ಕೊಮ್ಮೆ ನೋಡಿಸುತ್ತಾ ಇರಬೇಕು. ಬೇಗ ಸಿಕ್ಕಿದರೆ ಶುಗರ್, ಬಿಪಿ ಹತೋಟಿಗೆ ತಂದು ನಿಲ್ಲಿಸಬಹುದು. ಮುಂದುವರಿದರೂ ಲೇಸರ್ ಇದೆ, ಇಂಜೆಕ್ಷನ್ ಇದೆ, ಬಹಳಷ್ಟು ಜನರ ದೃಷ್ಟಿ ಉಳಿಯುತ್ತದೆ. ಕಣ್ಣೊಳಗೆ ರಕ್ತ ತುಂಬಿಕೊಂಡ ಮೇಲೆ ಬಂದರೆ ಕಷ್ಟ.

ನನ್ನ ಮುಂದೆ ಕೂರುವ ಶುಗರ್ ಇರುವವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ, ‘ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿದ್ದಾರಾ?’ ಬಹಳ ಜನ ಮುಖ ಮುಖ ನೋಡುತ್ತಾರೆ. ಹಾಗಂದರೇನು ಅಂತ ಕೇಳುತ್ತಾರೆ. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವವರು ಇವರು. ತಿಂಗಳಿಗೊಮ್ಮೆ ಶುಗರ್ ನೋಡಿಸುತ್ತಾರೆ. ಮಾತ್ರೆ ಬರೆದುಕೊಡುವ ಜಾಗದಲ್ಲಿ ಕಣ್ಣಿನ ಮಾತೇ ಯಾರೂ ಎತ್ತಿಲ್ಲ. ಇನ್ನೂ ಒಂದು ವಿಷಯ ಅಂಗಡಿಯಲ್ಲಿ ಕೂತರೆ ಕಾಣುತ್ತದೆ. ಶುಗರ್ ಏರಿಳಿದರೆ ಕಣ್ಣಿನ ಪವರ್ ಕೂಡ ಏರಿಳಿಯುತ್ತದೆ. ಹೋದ ತಿಂಗಳು ಮಾಡಿಸಿದ ಕನ್ನಡಕ ಈಗ ಸರಿಹೋಗುತ್ತಿಲ್ಲ ಅಂತ ಬಂದವರನ್ನು ರಕ್ತ ಪರೀಕ್ಷೆಗೆ ಕಳಿಸಿ, ಅವರಿಗೆ ಶುಗರ್ ಇರುವುದು ಆಗಲೇ ಮೊದಲ ಸಲ ಗೊತ್ತಾದದ್ದೂ ಉಂಟು. ಕಣ್ಣು ನೋಡಿದರೆ ಬರೀ ಕಣ್ಣಷ್ಟೇ ಅಲ್ಲ, ಮೈಯ ಸ್ಥಿತಿಯೂ ತಿಳಿಯುತ್ತದೆ. ರಕ್ತನಾಳಗಳನ್ನು ಕೊಯ್ಯದೆ, ನೇರವಾಗಿ ಕಣ್ಣಾರೆ ನೋಡಲು ಆಗುವ ಜಾಗ ದೇಹದಲ್ಲಿ ರೆಟಿನಾ.

ಪೂರ್ತಿ ತಪಾಸಣೆ ಅಂದರೆ ಏನು ದೊಡ್ಡ ರಾಮಾಯಣವಲ್ಲ. ಒಂದೊಂದೇ ಕಣ್ಣಿನ ದೃಷ್ಟಿ ನೋಡುವುದು, ಪವರ್ ನೋಡುವುದು, ದೀಪದ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ಮುಂಭಾಗ ನೋಡುವುದು, ಪ್ರೆಶರ್ ಅಳೆಯುವುದು, ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ಮತ್ತು ನರ ನೋಡುವುದು. ಪ್ರೆಶರ್ ಸಾಮಾನ್ಯವಾಗಿ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 10ರಿಂದ 21ರ ಒಳಗೆ ಇರಬೇಕು ಅನ್ನುತ್ತಾರೆ. ಆದರೆ ಪ್ರೆಶರ್ ಆ ಮಿತಿಯಲ್ಲಿದ್ದರೂ ಗ್ಲಾಕೋಮಾ ಬರಬಹುದು. ಹಾಗಾಗಿ ಶಿಬಿರದಲ್ಲಿ ಪ್ರೆಶರ್ ಮಾತ್ರ ನೋಡಿ ‘ನಿಮಗೇನೂ ಇಲ್ಲ’ ಅಂತ ಕಳಿಸುವುದೂ ಸರಿಯಲ್ಲ. ನರ ನೋಡಲೇಬೇಕು.

ಜನ ಯಾಕೆ ಹೋಗುವುದಿಲ್ಲ ಅಂತ ನನಗೆ ಗೊತ್ತು. ಅವರಿಗೆ ಕಣ್ಣಿನ ಮೇಲೆ ಕಾಳಜಿ ಇಲ್ಲ ಅಂತಲ್ಲ. ಡ್ರಾಪ್ಸ್ ಹಾಕಿದರೆ ಪಾಪೆ ಹಿಗ್ಗಲು ಅರ್ಧ ಗಂಟೆ ಬೇಕು. ಆಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ, ಗಾಡಿ ಓಡಿಸಬಾರದು. ಆಟೋದವರಿಗೆ, ಗಾರೆ ಕೆಲಸದವರಿಗೆ, ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಕಟ್ಟುವವರಿಗೆ ಅದೆಲ್ಲ ಸೇರಿ ಒಂದು ದಿನದ ದುಡಿಮೆ ಹೋದ ಹಾಗೆ. ಕಾಣುತ್ತಿರುವ ಕಣ್ಣಿಗೋಸ್ಕರ ಒಂದು ದಿನದ ಕೂಲಿ ಬಿಡಿ ಅಂದರೆ ಯಾರು ಬಿಡುತ್ತಾರೆ? ನೀವು ಜಾಗೃತಿ ಅಂತ ಎಷ್ಟೇ ಪೋಸ್ಟರ್ ಅಂಟಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ತಪಾಸಣೆಯೇ ಅವರ ಹತ್ತಿರ ಬರಬೇಕು, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಬರಬೇಕು.

ಅದು ಆಗದ ಮಾತು ಅಂತ ದಯವಿಟ್ಟು ಹೇಳಬೇಡಿ. ನಮ್ಮ ರಾಜ್ಯವೇ ಮಾಡಿ ತೋರಿಸಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ರೆಟಿನಾದ ಒಂದು ರೋಗ ಬರುತ್ತದೆ. ಹುಟ್ಟಿದ ತಿಂಗಳೊಳಗೆ ನೋಡದಿದ್ದರೆ ಮಗು ಕುರುಡಾಗಬಹುದು. 2008ರಿಂದ ‘ಕಿಡ್‌ರಾಪ್’ ಅನ್ನುವ ಕಾರ್ಯಕ್ರಮದಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹಿಡಿದುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಮಕ್ಕಳ ರೆಟಿನಾ ಫೋಟೊ ತೆಗೆಯುತ್ತಾರೆ. ಬೆಂಗಳೂರಿನಲ್ಲಿ ಕೂತ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಜಗತ್ತೇ ಗಮನಿಸಿದ ಕೆಲಸ ಇದು. ಕೈಯಷ್ಟಗಲದ ಕೂಸಿಗೆ ಮಾಡಲು ಆಗಿದ್ದು ಐವತ್ತು ವರ್ಷದ ಆಟೋ ಡ್ರೈವರ್‌ಗೆ ಆಗುವುದಿಲ್ಲವೇ? ದೊಡ್ಡವರಿಗಂತೂ ಬಹಳಷ್ಟು ಸಲ ಡ್ರಾಪ್ಸ್ ಕೂಡ ಬೇಡದೆ ಫೋಟೊ ತೆಗೆಯುವ ಕ್ಯಾಮೆರಾಗಳು ಈಗ ಇವೆ. ಐದೇ ನಿಮಿಷದ ಕೆಲಸ.

ಆದ್ದರಿಂದ ನನ್ನ ಮೊದಲ ಬೇಡಿಕೆ ಬೆಂಗಳೂರಿನ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳ ಬಗ್ಗೆ. ಅಲ್ಲಿ ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಬಡವರು ನಂಬಿ ಹೋಗುವ ಜಾಗ ಅದು. ಶುಗರ್ ಮಾತ್ರೆ ಬರೆಯುವ ಪ್ರತಿಯೊಂದು ಚೀಟಿಯ ಜೊತೆ ಕಣ್ಣಿನ ಫೋಟೊ ತೆಗೆಯುವ ದಿನಾಂಕವನ್ನೂ ಬರೆಯಲಿ. ಪ್ರತಿ ಕ್ಲಿನಿಕ್‌ಗೂ ಕ್ಯಾಮೆರಾ ಕೊಡಿ ಅಂತ ನಾನು ಕೇಳುತ್ತಿಲ್ಲ. ನಾಲ್ಕೈದು ಕ್ಲಿನಿಕ್‌ಗೆ ಒಂದು ಕ್ಯಾಮೆರಾ, ಒಬ್ಬ ಆಪ್ಟೊಮೆಟ್ರಿಸ್ಟ್ ಸಾಕು. ವಾರದಲ್ಲಿ ಒಂದು ದಿನ ಒಂದೊಂದು ಕಡೆ. ಫೋಟೊಗಳನ್ನು ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ನೋಡಲಿ. ತೊಂದರೆ ಇದ್ದವರಿಗೆ ಮಾತ್ರ ಬರಲು ಹೇಳಲಿ. ಆಗ ದೊಡ್ಡ ಆಸ್ಪತ್ರೆಯ ಮುಂದಿನ ಸಾಲೂ ಕಡಿಮೆಯಾಗುತ್ತದೆ, ಬೇಕಾದವರಿಗೆ ಬೇಗ ಡಾಕ್ಟರ್ ಸಿಗುತ್ತಾರೆ. ಕರೆದವರು ನಿಜವಾಗಿ ಹೋದರಾ ಅಂತ ಫೋನ್ ಮಾಡಿ ವಿಚಾರಿಸುವ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಎಷ್ಟು ಫೋಟೊ ತೆಗೆದರೂ ದಂಡ.

ಈ ಸೇವೆ ತಿಂಗಳಿಗೆ ಒಂದೆರಡು ಭಾನುವಾರವಾದರೂ ಇರಲಿ. ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಅವರದು ಇನ್ನೊಂದು ಕಥೆ. ನಲವತ್ತು ದಾಟುತ್ತಿದ್ದ ಹಾಗೆ ಚಾಳೀಸು ಬರುತ್ತದೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಕನ್ನಡಕ ಹಾಕಿಕೊಂಡರೆ ವಯಸ್ಸಾಯಿತು ಅಂತ ಕೆಲಸದಿಂದ ತೆಗೆದಾರು ಅನ್ನುವ ಭಯದಲ್ಲಿ ಎಷ್ಟೋ ಜನ ಹಾಗೇ ಕಷ್ಟಪಡುತ್ತಾರೆ. ಟಾರ್ಗೆಟ್ ಮುಟ್ಟದೆ ಬೈಸಿಕೊಳ್ಳುತ್ತಾರೆ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕೀಳುವ ಎಲೆಯ ತೂಕ, ಸಿಗದವರಿಗೆ ಹೋಲಿಸಿದರೆ ಶೇಕಡ 20ಕ್ಕಿಂತ ಜಾಸ್ತಿ ಏರಿತ್ತು. ಚಹಾ ಎಲೆ ಕೀಳಲು ಇಷ್ಟು ಉಪಯೋಗವಾದರೆ ಅಂಗಿಯ ಕಾಲರ್ ಹೊಲಿಯಲು ಎಷ್ಟಾಗಬಹುದು ಅಂತ ಕಾರ್ಖಾನೆ ಮಾಲೀಕರಿಗೆ ನೀವೇ ಹೇಳಬೇಕು. ಕಾರ್ಮಿಕ ಇಲಾಖೆಯ ಜೊತೆ ಕೂತು ಕಾರ್ಖಾನೆಯ ಒಳಗೇ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಚಾಳೀಸಿನ ಕನ್ನಡಕಕ್ಕೆ ಅಂತ ಬಂದವರನ್ನು ಕೂರಿಸಿಕೊಂಡು ನರ, ರೆಟಿನಾ ನೋಡಿಬಿಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

2024ರಲ್ಲಿ ಹಾವೇರಿಯಲ್ಲಿ ಚಾಲನೆ ಪಡೆದ ನಿಮ್ಮ ಇಲಾಖೆಯ ‘ಆಶಾಕಿರಣ’ ಯೋಜನೆಯ ಬಗ್ಗೆ ನನಗೆ ಗೌರವ ಇದೆ. ಮನೆ ಮನೆಗೆ ಹೋಗಿ ಕಣ್ಣು ನೋಡಿ ಉಚಿತವಾಗಿ ಕನ್ನಡಕ ಕೊಡುವುದು ದೊಡ್ಡ ಕೆಲಸ. ಕನ್ನಡಕ ಸಿಕ್ಕ ಅಜ್ಜಿಯ ಸಂತೋಷ ಏನು ಅಂತ ನನಗೆ ದಿನಾ ಗೊತ್ತು. ಆದರೆ ಮನೆ ಬಾಗಿಲಲ್ಲಿ ನಿಂತು ನೋಡಿದರೆ ಎಷ್ಟು ಕಾಣುತ್ತದೆ ಅಂತ ತಿಳಿಯುತ್ತದೆ, ಕಣ್ಣಿನ ಹಿಂದೆ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಚೆನ್ನಾಗಿ ಕಾಣುತ್ತದೆ ಅಂತ ಹೇಳಿಸಿಕೊಂಡವರಲ್ಲೂ ಗ್ಲಾಕೋಮಾ ಇರುವವರು ಇದ್ದೇ ಇರುತ್ತಾರೆ. ಇಷ್ಟು ದೂರ ನಡೆದು ಮನೆ ಮುಟ್ಟಿದ ಯೋಜನೆ ಇನ್ನೊಂದು ಹೆಜ್ಜೆ ಇಡಬೇಕು ಅಂತ ನನ್ನ ಆಸೆ.

ಮಕ್ಕಳ ಬಗ್ಗೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ನೋಡುತ್ತದೆ. ಆದರೆ ನಮ್ಮ ಬಡಾವಣೆಗಳ ಸಣ್ಣಪುಟ್ಟ ಖಾಸಗಿ ಶಾಲೆಗಳಲ್ಲಿ, ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕಟ್ಟುವ ಮನೆಯ ಮಕ್ಕಳೇ ಓದುತ್ತಾರೆ. ಅವರನ್ನು ಯಾರು ನೋಡಬೇಕು? ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದರ ಪವರ್ ಜಾಸ್ತಿ ಇದ್ದರೆ ಮಗುವಿಗೆ ಗೊತ್ತೇ ಆಗುವುದಿಲ್ಲ, ಅಪ್ಪ ಅಮ್ಮನಿಗೂ ಗೊತ್ತಾಗುವುದಿಲ್ಲ. ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಸೋಮಾರಿ ಕಣ್ಣು ಅನ್ನುತ್ತೇವೆ ಇದಕ್ಕೆ. ಏಳೆಂಟು ವರ್ಷದೊಳಗೆ ಸಿಕ್ಕರೆ ಕನ್ನಡಕ ಹಾಕಿ, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿ ಸರಿ ಮಾಡುವ ಅವಕಾಶ ಚೆನ್ನಾಗಿರುತ್ತದೆ. ದೊಡ್ಡವರಾದ ಮೇಲೆ ಸಿಕ್ಕರೆ ಯಾವ ಗ್ಲಾಸಿನಿಂದಲೂ ಪೂರ್ತಿ ಕಾಣಿಸಲು ಆಗುವುದಿಲ್ಲ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನೊಬ್ಬ ವೈದ್ಯಕೀಯ ಪರೀಕ್ಷೆಗೆ ಮುಂಚೆ ನಂಬರ್ ನೋಡಿಸಲು ಬಂದಿದ್ದ. ಬಲಗಣ್ಣು ಮುಚ್ಚಿದಾಗ ದೊಡ್ಡ ಅಕ್ಷರವೂ ಓದಲು ಆಗಲಿಲ್ಲ. ‘ಇಷ್ಟು ದಿನ ನಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ’ ಅಂದ. ಒಂದನೇ ಕ್ಲಾಸಿಗೆ ಸೇರುವಾಗ ಯಾರಾದರೂ ಒಂದೊಂದೇ ಕಣ್ಣು ಮುಚ್ಚಿ ಚಾರ್ಟ್ ಓದಿಸಿದ್ದರೆ ಸಾಕಿತ್ತು. ಶಾಲೆಗೆ ಸೇರಿಸುವಾಗ ಲಸಿಕೆ ಕಾರ್ಡ್ ಕೇಳುವ ಹಾಗೆ ಕಣ್ಣಿನ ತಪಾಸಣೆಯ ಚೀಟಿಯನ್ನೂ ಕೇಳುವಂತೆ ಶಿಕ್ಷಣ ಇಲಾಖೆಯ ಜೊತೆ ಮಾತಾಡಿ. ಚೀಟಿ ಇಲ್ಲ ಅಂತ ಸೀಟು ನಿರಾಕರಿಸುವುದು ಬೇಡ. ಚೀಟಿ ಇಲ್ಲದವರನ್ನು ಶಾಲೆಯೇ ಕಳಿಸಿ ಮಾಡಿಸಲಿ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಮದುವೆಗೆ ತೊಂದರೆ ಅಂತ ಚೀಟಿ ಮಡಿಸಿಟ್ಟುಕೊಂಡು ಹೋಗುವ ತಾಯಂದಿರು ಈಗಲೂ ಇದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಇದನ್ನು ನಾನು ಹೇಳಿದರೆ ವ್ಯಾಪಾರಕ್ಕೆ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ಟೀಚರ್ ಹೇಳಿದರೆ ಕೇಳುತ್ತಾರೆ.

ಮಕ್ಕಳ ವಿಷಯದಲ್ಲೇ ಇನ್ನೊಂದು ಮಾತು, ಇದಕ್ಕೆ ನೀವು ತಕ್ಷಣ ಏನಾದರೂ ಮಾಡಬಹುದು. ಬೆಂಗಳೂರಿನ ಧೂಳಿಗೆ ಎಷ್ಟೋ ಮಕ್ಕಳಿಗೆ ಕಣ್ಣಿನ ಅಲರ್ಜಿ. ಕಣ್ಣು ಉಜ್ಜಿ ಉಜ್ಜಿ ಕೆಂಪಾಗುತ್ತದೆ. ಯಾವತ್ತೋ ಡಾಕ್ಟರ್ ವಾರಕ್ಕೆ ಅಂತ ಬರೆದ ಸ್ಟೀರಾಯ್ಡ್ ಡ್ರಾಪ್ಸ್‌ನ ಖಾಲಿ ಬಾಟಲಿಯನ್ನು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ತಿಂಗಳುಗಟ್ಟಲೆ ತಂದು ಹಾಕುತ್ತಾರೆ. ಹಾಕಿದ ಕೂಡಲೇ ಉರಿ ಇಳಿಯುತ್ತದಲ್ಲ, ಒಳ್ಳೆ ಔಷಧ ಅಂತ ನಂಬುತ್ತಾರೆ. ಸ್ಟೀರಾಯ್ಡ್ ಡ್ರಾಪ್ಸ್ ಹಾಗೆ ಹಾಕಿದರೆ ಕಣ್ಣಿನ ಪ್ರೆಶರ್ ಏರಿ ಮಕ್ಕಳಿಗೂ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಚೀಟಿ ಇಲ್ಲದೆ ಮಾರಬಾರದ ಔಷಧ ಇದು. ಕಾನೂನು ಇದೆ, ನೋಡುವವರಿಲ್ಲ. ಔಷಧ ನಿಯಂತ್ರಣ ಇಲಾಖೆಗೆ ಒಂದು ಕಟ್ಟುನಿಟ್ಟಿನ ಆದೇಶ ಹೋಗಲಿ.

ಇನ್ನು ರಸ್ತೆ. ಟ್ಯಾಕ್ಸಿ, ಬಸ್ಸು, ಲಾರಿಯಂಥ ವಾಣಿಜ್ಯ ವಾಹನ ಓಡಿಸುವವರು, ನಲವತ್ತು ವರ್ಷ ಆದ ಉಳಿದವರು ಲೈಸೆನ್ಸ್ ರಿನ್ಯೂವಲ್ ಮಾಡಿಸುವಾಗ ಡಾಕ್ಟರ್ ಸಹಿ ಮಾಡಿದ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಬೇರೆಯವರು ತಾವೇ ಬರೆದುಕೊಡುವ ಅರ್ಜಿಯಲ್ಲಿ, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ ಅನ್ನುವ ಪ್ರಶ್ನೆ ಇರುತ್ತದೆ. ನಾನು ಮೇಲೆ ಹೇಳಿದ ಆಟೋದವರಿಗೂ 25 ಮೀಟರ್ ದೂರದ ಪ್ಲೇಟ್ ಚೆನ್ನಾಗಿ ಕಾಣುತ್ತಿತ್ತು. ಕಾಣದಿದ್ದದ್ದು ಪಕ್ಕದ ಬೈಕು. ಅವರ ಪ್ರಮಾಣಪತ್ರಕ್ಕೆ ಸಹಿ ಬಿದ್ದಾಗ ಅವರು ಡಾಕ್ಟರ್ ಮುಖವನ್ನೇ ನೋಡಿರಲಿಲ್ಲವಂತೆ. ಏಜೆಂಟ್ ತಂದುಕೊಟ್ಟರಂತೆ. ಅವರೊಬ್ಬರೇ ಅಲ್ಲ, ನಮ್ಮಲ್ಲಿ ಬರುವ ಡ್ರೈವರ್‌ಗಳು ಇದನ್ನು ಮಾಮೂಲಿ ವಿಷಯದ ಹಾಗೆ ಹೇಳುತ್ತಾರೆ. ಈ ಊರಿನ ಟ್ರಾಫಿಕ್‌ನಲ್ಲಿ ಇದು ಅವರ ಜೀವದ ಪ್ರಶ್ನೆ, ಪಕ್ಕದಲ್ಲಿ ಸ್ಕೂಟರ್ ಓಡಿಸುವ ಹುಡುಗಿಯ ಜೀವದ ಪ್ರಶ್ನೆ. ಸಾರಿಗೆ ಸಚಿವರ ಜೊತೆ ಮಾತಾಡಿ, ಆ ಪ್ರಮಾಣಪತ್ರಕ್ಕೆ ಮೊದಲು ಪಕ್ಕದ ದೃಷ್ಟಿಯೂ ಸೇರಿ ಪೂರ್ತಿ ಕಣ್ಣಿನ ತಪಾಸಣೆ ಆಗುವಂತೆ ಮಾಡಿ. ತಪಾಸಣೆ ಉಚಿತವಾಗಿರಲಿ. ದುಡಿಯುವವರ ಮೇಲೆ ಇನ್ನೊಂದು ಖರ್ಚು ಹೊರಿಸಬೇಡಿ. ರೋಗ ಇದೆ ಅಂತ ಗೊತ್ತಾದ ತಕ್ಷಣ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆ ಹುಟ್ಟಿದರೆ ಯಾರೂ ಬರುವುದಿಲ್ಲ. ಬೇಗ ಗೊತ್ತಾದರೆ ಡ್ರಾಪ್ಸ್ ಹಾಕಿಕೊಂಡು ಇನ್ನೂ ಎಷ್ಟೋ ವರ್ಷ ಗಾಡಿ ಓಡಿಸಬಹುದು ಅನ್ನುವುದನ್ನೂ ಹೇಳಬೇಕು.

ನಮ್ಮ ಜನಕ್ಕೆ ಕಣ್ಣಿನ ಬೆಲೆ ಗೊತ್ತಿಲ್ಲ ಅಂತ ನಾನು ಒಪ್ಪುವುದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಂದೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ನಮ್ಮ ಬೀದಿಯ ಹುಡುಗರೇ ಸಾಲುಸಾಲಾಗಿ ಫಾರಂ ತುಂಬಿದರು. ಆದರೆ ಎಷ್ಟೋ ಜನ ನನ್ನನ್ನು ಕೇಳುತ್ತಾರೆ, ‘ಗ್ಲಾಕೋಮಾದಿಂದ ಕಣ್ಣು ಹೋದರೆ ಬೇರೆಯವರ ಕಣ್ಣು ಹಾಕಬಹುದಲ್ವಾ?’ ಇಲ್ಲ. ದಾನದಿಂದ ಬರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ ಮಾತ್ರ. ನರ ಸತ್ತರೆ ಅದನ್ನು ಬದಲಿಸಲು ಇವತ್ತಿಗೂ ಆಗುವುದಿಲ್ಲ. ಬಲ್ಬ್ ಬದಲಾಯಿಸಬಹುದು, ಗೋಡೆಯೊಳಗಿನ ವೈರಿಂಗ್ ಸುಟ್ಟರೆ ಹೊಸ ಬಲ್ಬ್‌ನಿಂದ ಏನೂ ಆಗುವುದಿಲ್ಲ. ಸತ್ತ ಮೇಲೆ ಕಣ್ಣು ಕೊಡಲು ಇಷ್ಟು ಮನಸ್ಸಿರುವ ಜನಕ್ಕೆ, ಬದುಕಿರುವಾಗ ಕಣ್ಣು ತೋರಿಸುವ ದಾರಿ ಮಾಡಿಕೊಟ್ಟರೆ ಖಂಡಿತ ಬರುತ್ತಾರೆ. ನೇತ್ರದಾನದ ಫಾರಂ ಕೊಡುವಾಗಲೇ ತಪಾಸಣೆಯ ದಿನಾಂಕವನ್ನೂ ಕೊಟ್ಟರೆ ಹೇಗೆ ಅಂತ ಯೋಚಿಸಿ.

ಕೊನೆಯದಾಗಿ ನನ್ನದೇ ಕಸುಬಿನ ಬಗ್ಗೆ ಒಂದು ಬೇಡಿಕೆ. ಇದಕ್ಕೆ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು. ‘ಉಚಿತ ಕಣ್ಣಿನ ಪರೀಕ್ಷೆ’ ಅನ್ನುವ ಬೋರ್ಡನ್ನು ‘ಕನ್ನಡಕದ ನಂಬರ್ ಪರೀಕ್ಷೆ’ ಅಂತ ಬದಲಾಯಿಸಲು ಎಲ್ಲ ಅಂಗಡಿಗಳಿಗೆ ಹೇಳಿ. ನಂಬರ್ ಚೀಟಿಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಅಚ್ಚಾಗಲಿ. ಇದು ಕನ್ನಡಕದ ನಂಬರ್ ಮಾತ್ರ, ನಲವತ್ತು ದಾಟಿದವರು, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಕಣ್ಣಿನ ಡಾಕ್ಟರ್ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿ ಅಂತ. ನಮ್ಮ ಅಂಗಡಿಯಲ್ಲಿ ಮಾಲೀಕರನ್ನು ಒಪ್ಪಿಸಿ ಇದನ್ನು ಕೈಯಲ್ಲಿ ಬರೆದು ಕೌಂಟರ್ ಮೇಲೆ ಅಂಟಿಸಿದ್ದೇವೆ. ಅದರಿಂದ ವ್ಯಾಪಾರ ಕಡಿಮೆಯಾಗಲಿಲ್ಲ. ಓದಿದವರು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾರೆ, ಮಾತು ಶುರುವಾಗುತ್ತದೆ, ಕೆಲವರಾದರೂ ಆಸ್ಪತ್ರೆಗೆ ಹೋಗುತ್ತಾರೆ.

ಅಕ್ಟೋಬರ್ ತಿಂಗಳ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಪ್ರತಿ ವರ್ಷ ಅವತ್ತು ಜಾಥಾ, ಭಾಷಣ ನಡೆಯುತ್ತವೆ. ಮುಂದಿನ ವಿಶ್ವ ದೃಷ್ಟಿ ದಿನದೊಳಗೆ ಬೆಂಗಳೂರಿನ ಯಾವ ಯಾವ ನಮ್ಮ ಕ್ಲಿನಿಕ್‌ನಲ್ಲಿ ಯಾವ ವಾರ ಕಣ್ಣಿನ ಫೋಟೊ ತೆಗೆಯುತ್ತಾರೆ ಅನ್ನುವ ಪಟ್ಟಿಯನ್ನು ನಿಮ್ಮ ಇಲಾಖೆ ಪ್ರಕಟಿಸಲಿ ಅಂತ ಕೇಳಿಕೊಳ್ಳುತ್ತೇನೆ. ಹತ್ತು ಕ್ಲಿನಿಕ್‌ನಿಂದ ಶುರು ಮಾಡಿದರೂ ಸಂತೋಷ. ನನ್ನಂಥ ಆಪ್ಟೊಮೆಟ್ರಿಸ್ಟ್‌ಗಳು ಈ ಊರಿನಲ್ಲಿ ಬಹಳ ಜನ ಇದ್ದೇವೆ. ಭಾನುವಾರ ಬಂದು ಕೆಲಸ ಮಾಡಿ ಅಂತ ಕರೆದರೆ ನಾನಂತೂ ಬರುತ್ತೇನೆ, ಜೊತೆಯವರನ್ನೂ ಕರೆತರುತ್ತೇನೆ. ಕರೆಯುವ ಕೆಲಸ ಇಲಾಖೆಯಿಂದ ಆಗಬೇಕು. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯೊಂದರ ಆಪ್ಟೊಮೆಟ್ರಿಸ್ಟ್,
ಶ್ರೀನಗರ, ಬೆಂಗಳೂರು